ಸೆಟ್ ಅಲ್ಲ ಸ್ವಾಮಿ, ಇದು ನಮ್ಮವ್ವನ ಮನೆ!

ಸಿನಿಮಾದವರ ಮನೆಗಳ ಬಗ್ಗೆ ನಾನು ಬರೆದದ್ದು ಬೇಕಾದಷ್ಟಿದೆ. ಯಾವ ನಾಯಕಿ ಯಾವ ಬಡಾವಣೆಯಲ್ಲಿ ಬಂಗಲೆ ಕಟ್ಟಿಸಿದಳು, ಯಾವ ಖಳನಾಯಕರ ಮನೆಯಲ್ಲಿ ದೇವರ ಕೋಣೆಯೇ ಎಲ್ಲಕ್ಕಿಂತ ದೊಡ್ಡದು, ಯಾವ ಹಾಸ್ಯನಟರು ಮನೆಯಲ್ಲಿ ನಗುವುದೇ ಇಲ್ಲ... ಇಂಥವನ್ನೆಲ್ಲ ಬರೆದು ಹೊಟ್ಟೆ ಹೊರೆದುಕೊಂಡವ ನಾನು. ಆದರೆ ನನ್ನ ಸ್ವಂತ ಮನೆಯ ಬಗ್ಗೆ ಇಲ್ಲಿಯ ತನಕ ಒಂದು ಸಾಲೂ ಬರೆದವನಲ್ಲ. ಬರೆಯುವಂಥದ್ದು ಅಲ್ಲಿ ಏನಿತ್ತು ಹೇಳಿ? ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು, ಮುಂದೆ ಜಗಲಿ, ಹಿಂದೆ ಬಚ್ಚಲು, ನಡುವೆ ಹೊಗೆ. ಆ ಹೊಗೆಯ ನಡುವೆ ನಮ್ಮವ್ವ.

ಊರು ಬಳ್ಳಿಗಾವಿ. ಶಿರಾಳಕೊಪ್ಪದಲ್ಲಿ ಬಸ್ ಇಳಿದು ಎರಡು ಮೂರು ಕಿಲೋಮೀಟರ್ ಹೋದರೆ ಸಿಗುತ್ತದೆ. ಒಂದು ಕಾಲಕ್ಕೆ ಬನವಾಸಿ ಹನ್ನೆರಡು ಸಾಸಿರ ನಾಡಿನ ರಾಜಧಾನಿ. ಅಲ್ಲಮಪ್ರಭು ಹುಟ್ಟಿದ ಊರು ಎಂದು ನಮ್ಮವರ ಹೆಮ್ಮೆ. 2017ರಲ್ಲಿ ನಾಗಾಭರಣರ ‘ಅಲ್ಲಮ’ ಬಿಡುಗಡೆಯಾದಾಗ ಧನಂಜಯ ನಮ್ಮ ನೆಂಟನೇ ಏನೋ ಎಂಬಂತೆ ನಾನು ಎದೆಯುಬ್ಬಿಸಿ ಓಡಾಡಿದ್ದೆ. ಅಂಥ ಊರಿನಲ್ಲಿ ನನ್ನ ಮನೆಯ ಹಿಂಗೋಡೆಗೆ ಮೂರು ವರ್ಷದಿಂದ ತಗಡಿನ ಷೀಟು ಹೊಡೆದಿದೆ. ಆ ತಗಡಿನ ಕಥೆಯಿಂದಲೇ ಶುರು ಮಾಡುತ್ತೇನೆ.

ಗೋಡೆ ಬಿದ್ದ ರಾತ್ರಿ

ನಾನು ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವ. ಅದಕ್ಕೆ ಮನೆಯಲ್ಲಿ ನನ್ನ ಮಾತಿಗೆ ತೂಕ ಕಡಿಮೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಬೆಂಗಳೂರಿನಿಂದ ದುಡ್ಡು ಕಳಿಸುತ್ತಿದ್ದ, ನಾನು ಬರೆದು ಬಂದಷ್ಟು ಕೊಡುತ್ತಿದ್ದೆ. ಒಮ್ಮೆ ನಾಲ್ಕಾರು ಲೇಖನದ ಹಣ ಒಟ್ಟಿಗೆ ಬಂತು. ನನಗೂ ಗಂಡಸುತನ ತೋರಿಸುವ ಹುಮ್ಮಸ್ಸು. ‘ಬಚ್ಚಲಮನೆ ರಿಪೇರಿ ಮಾಡಿಸುತ್ತೇನೆ’ ಎಂದು ಹೊರಟೆ.

ಒಬ್ಬ ಕಂಟ್ರಾಕ್ಟರ್ ಬಂದ. ಒಳಗೆ ಹೋಗಿ ಎರಡು ನಿಮಿಷದಲ್ಲಿ ಹೊರಗೆ ಬಂದ. ‘ಟೈಲ್ಸ್ ಹಾಕಿ, ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ಸಿಟಿ ಬಚ್ಚಲಾಗತೈತಿ’ ಎಂದ. ನಕ್ಷೆ ಇಲ್ಲ, ಅಳತೆ ಇಲ್ಲ, ಕಾಗದ ಇಲ್ಲ. ನನಗೂ ಬೇಕಾದದ್ದು ಅದೇ. ಹದಿನೈದು ದಿನದಲ್ಲಿ ಬಚ್ಚಲು ಥಳಥಳ ಹೊಳೆಯಿತು. ನಾನು ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ. ಅವನೂ ‘ಪರವಾಗಿಲ್ಲ’ ಎಂದ. ಅವನ ಬಾಯಲ್ಲಿ ಅದೇ ದೊಡ್ಡ ಪ್ರಶಸ್ತಿ.

ಆದರೆ ಮಣ್ಣಿನ ಗೋಡೆಗೆ ಉಸಿರಾಟ ಬೇಕು ಎಂಬುದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೆಲದಿಂದ ಏರುವ ಪಸೆ ಹಳೇ ಗೋಡೆಯಲ್ಲಿ ಮೆಲ್ಲಗೆ ಹೊರಗೆ ಹೋಗುತ್ತಿರುತ್ತದೆ. ಎರಡೂ ಕಡೆ ಸಿಮೆಂಟ್ ಬಳಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಮಣ್ಣು ಒಳಗೊಳಗೇ ಮೆತ್ತಗಾಗುತ್ತದೆ. ಹೊರಗಿನಿಂದ ನೋಡಿದರೆ ಗಟ್ಟಿ ಗೋಡೆ! ಎರಡನೇ ಮಳೆಗಾಲದಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ‘ತಮ್ಮಾ, ಗೋಡಿ ಬಸುರಾದಂಗ ಕಾಣ್ತೈತಿ ನೋಡೋ’ ಎಂದು ಅವ್ವ ಹೇಳಿದ್ದಳು. ನಾನು ನಕ್ಕಿದ್ದೆ.

ಒಂದು ರಾತ್ರಿ ಎರಡು ಗಂಟೆಗೆ ಬಿತ್ತು. ಅವ್ವ ದಿನಾ ಬೆಳಗಿನ ಜಾವ ಎದ್ದು ಹಂಡೆಗೆ ಉರಿ ಹಾಕಲು ಕೂರುತ್ತಿದ್ದ ಜಾಗವೇ ಅದು. ಅವಳು ಏಳುವುದು ನಾಲ್ಕಕ್ಕೆ. ಎರಡು ಗಂಟೆಯ ಅಂತರ. ಅಷ್ಟೇ. ಟಾರ್ಚ್ ಬೆಳಕಿನಲ್ಲಿ ಆ ಮಣ್ಣಿನ ರಾಶಿ, ಅದರಡಿ ಚಪ್ಪಟೆಯಾದ ಹಂಡೆ ನೋಡಿ ನನ್ನ ಕಾಲು ನಡುಗಿದ್ದು ಇವತ್ತಿಗೂ ನಿಂತಿಲ್ಲ. ಕಂಟ್ರಾಕ್ಟರನನ್ನು ಬೈದೆ, ಹೌದು. ಆದರೆ ಏನನ್ನೂ ಕೇಳದೆ, ಏನನ್ನೂ ಬರೆದುಕೊಳ್ಳದೆ ಕೆಲಸ ಹಿಡಿಸಿದವ ನಾನೇ ತಾನೆ?

ನೂರು ಮೀಟರಿನ ಒಳಗೆ

ಅಣ್ಣ ಬಂದ. ನೋಡಿದ. ಒಂದೇ ಮಾತು: ‘ಪೂರ್ತಿ ಕೆಡವಿ ಆರ್‌ಸಿಸಿ ಮನೆ ಕಟ್ಟೋಣ.’ ಮೇಲೆ ಒಂದು ಮಾಳಿಗೆ, ಮುಂದೆ ಕಬ್ಬಿಣದ ಗೇಟು. ಅವನ ಕನಸು ತಪ್ಪಲ್ಲ. ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿರುವವನಿಗೆ ಊರಲ್ಲಾದರೂ ತಲೆ ಎತ್ತಿ ನಿಲ್ಲುವ ಮನೆ ಬೇಕು.

ಆದರೆ ನಮ್ಮ ಬೀದಿಗೆ ಒಂದು ವಿಶೇಷವಿದೆ. ತ್ರಿಪುರಾಂತಕೇಶ್ವರ ಗುಡಿ ನಮ್ಮ ಜಗಲಿಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ. ನಮ್ಮೂರಿನಲ್ಲಿ ಕೇದಾರೇಶ್ವರ ಗುಡಿ, ಈ ಗುಡಿ, 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಗಂಡಭೇರುಂಡದ ಕಂಬ, ಇವೆಲ್ಲ ನೋಡತಕ್ಕವು. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಇಂಥ ಸ್ಮಾರಕದ ಗಡಿಯಿಂದ ನೂರು ಮೀಟರ್ ತನಕ ನಿಷೇಧಿತ ಪ್ರದೇಶ, ಅದರಾಚೆ ಇನ್ನೂರು ಮೀಟರ್ ನಿಯಂತ್ರಿತ ಪ್ರದೇಶ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂದ ಮೇಲೆ ಇದು ಇನ್ನೂ ಬಿಗಿಯಾಯಿತು. ನೂರು ಮೀಟರಿನ ಒಳಗೆ ಹೊಸ ಕಟ್ಟಡ ಕೂಡದು. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯಾದರೆ ರಿಪೇರಿ, ನವೀಕರಣಕ್ಕೆ ಅರ್ಜಿ ಹಾಕಬಹುದು. ಸಕ್ಷಮ ಪ್ರಾಧಿಕಾರದ ಅಪ್ಪಣೆ ಬಂದ ಮೇಲೆ ಕೆಲಸ. ಕೆಡವಿ ಹೊಸದು ಕಟ್ಟುವುದು ನವೀಕರಣದ ಲೆಕ್ಕಕ್ಕೆ ಬರುವುದಿಲ್ಲ.

ಇದನ್ನು ಹೇಳಿದಾಗ ಅಣ್ಣನ ಮುಖ ಸಣ್ಣದಾಯಿತು. ‘ಹಂಗಾದ್ರೆ ಬೀಗ ಹಾಕು. ಅವ್ವನ್ನ ಕರಕೊಂಡು ಹೋಗ್ತೀನಿ’ ಎಂದ. ಅವ್ವ ಏನೂ ಅನ್ನಲಿಲ್ಲ. ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿದಳು. ಆ ದಿನ ರಾತ್ರಿ ಊಟವನ್ನೂ ಮಾಡಲಿಲ್ಲ.

ಅಣ್ಣನ ಹತ್ತಿರ ನಾನು ಆರು ತಿಂಗಳ ಗಡುವು ಕೇಳಿದೆ. ಅಷ್ಟರೊಳಗೆ ಕೆಡವದೆಯೇ ಈ ಮನೆಯನ್ನು ನೆಟ್ಟಗೆ ಮಾಡುವ ದಾರಿ ತೋರಿಸಬೇಕು. ಇಲ್ಲದಿದ್ದರೆ ಬೀಗ. ಪಂದ್ಯ ಕಟ್ಟಿದಂತಾಯಿತು ನೋಡಿ!

ಸೆಟ್‌ನವನ ಪಾಠ

ನನಗೆ ಬೆಂಗಳೂರಿನಲ್ಲಿ ಒಬ್ಬ ಗೆಳೆಯನಿದ್ದಾನೆ. ಸಿನಿಮಾ ಸೆಟ್ಟುಗಳಲ್ಲಿ ಕಲಾ ನಿರ್ದೇಶಕರಿಗೆ ಸಹಾಯಕ. ಹೆಸರು ಪರದೆಯ ಮೇಲೆ ಓದುವಷ್ಟರಲ್ಲಿ ಮಾಯವಾಗುವ ಜಾತಿ. ಅವನ ಹತ್ತಿರ ಹೋಗಿ ನನ್ನ ಫೈಲು ಬಿಚ್ಚಿದೆ. ಅದರಲ್ಲಿ ನಾನು ವರ್ಷಗಳಿಂದ ಕತ್ತರಿಸಿಟ್ಟ ಚಿತ್ರಗಳಿದ್ದವು. 1970ರ ‘ಸಂಸ್ಕಾರ’ದಲ್ಲಿ ಶೃಂಗೇರಿ ಹತ್ತಿರದ ವೈಕುಂಠಪುರದ ಅಗ್ರಹಾರ. 1986ರಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ಗಾಗಿ ಕ್ಯಾಮೆರಾ ಇಟ್ಟ ಆಗುಂಬೆಯ ದೊಡ್ಡಮನೆ. ಆಗ ಕಲಾ ನಿರ್ದೇಶಕ ಜಾನ್ ದೇವರಾಜ್ ನಮ್ಮ ಜಿಲ್ಲೆಯ ಆಗುಂಬೆಯನ್ನೇ ಮಾಲ್ಗುಡಿ ಮಾಡಿದ್ದರಲ್ಲ! ‘ನನ್ನ ಮನೆಯೂ ಹೀಗಾಗಬೇಕು’ ಎಂದೆ.

ಗೆಳೆಯ ಫೈಲು ಮುಚ್ಚಿದ. ‘ಸೆಟ್ ಹಾಕೋಕೆ ಮೊದಲು ನಾವು ಕೇಳೋದು ಒಂದೇ ಪ್ರಶ್ನೆ. ಕ್ಯಾಮೆರಾ ಎಲ್ಲಿ ನಿಲ್ಲುತ್ತೆ? ಅದು ಗೊತ್ತಾದ್ರೆ ಎಷ್ಟು ಗೋಡೆ ಬೇಕು, ಎಲ್ಲಿ ಕಿಟಕಿ ಬೇಕು ತಾನಾಗೇ ಗೊತ್ತಾಗುತ್ತೆ. ನಿನ್ನ ಮನೇಲಿ ಕ್ಯಾಮೆರಾ ಯಾರು?’

ನಾನು ತಲೆ ಕೆರೆದುಕೊಂಡೆ.

‘ನಿಮ್ಮವ್ವ ಕಣಯ್ಯ. ಬೆಳಗಿನಿಂದ ರಾತ್ರಿ ತನಕ ಅಲ್ಲಿರೋರು ಅವರು. ನೀನು ಗೆಸ್ಟ್ ಆ್ಯಕ್ಟರ್.’

ಅವನೇ ಇನ್ನೊಂದು ಮಾತು ಹೇಳಿದ. ಸೆಟ್ಟಿಗೆ ಬೆನ್ನಿರುವುದಿಲ್ಲ, ಷೂಟಿಂಗ್ ಮುಗಿದ ಮೇಲೆ ಬಿಚ್ಚುವುದು. ಮನೆಗೆ ಮಳೆಗಾಲವಿದೆ. ಆದ್ದರಿಂದ ಕಲಿತವರನ್ನು ಹುಡುಕು ಎಂದ. ಗಿರೀಶ್ ಕಾರ್ನಾಡರು 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿಸಿದ್ದು ಜಯೂ–ನಚಿಕೇತ ಪಟವರ್ಧನ್ ದಂಪತಿಯಿಂದ. ಇಬ್ಬರೂ ಮನೆ ಕಟ್ಟುವ ವಿದ್ಯೆ ಕಲಿತ ಆರ್ಕಿಟೆಕ್ಟರು. ಸೆಟ್ಟಿಗೇ ಅಷ್ಟು ವಿದ್ಯೆ ಬೇಕಾದರೆ ನಿಜವಾದ ಮನೆಗೆ?

ಆಮೇಲೆ ತಿಳಿಯಿತು. ‘ಡಿಸೈನರ್’ ಎಂದು ಯಾರು ಬೇಕಾದರೂ ಬೋರ್ಡು ಹಾಕಬಹುದು. ‘ಆರ್ಕಿಟೆಕ್ಟ್’ ಎಂದು ಹಾಗೆ ಹಾಕುವಂತಿಲ್ಲ. 1972ರ ಕಾಯ್ದೆಯ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿಯಾದವರಿಗೆ ಮಾತ್ರ ಆ ಹೆಸರು. ನೋಂದಣಿ ಸಂಖ್ಯೆ ಕೇಳುವುದು ಅವಮಾನವೇನಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳಿದ ಹಾಗೆ.

ಹಾಗೆ ಕೇಳಿ, ಅವರು ಮೊದಲು ರಿಪೇರಿ ಮಾಡಿಸಿದ್ದ ಎರಡು ಹಳೇ ಹೆಂಚಿನ ಮನೆಗಳನ್ನು ಕಣ್ಣಾರೆ ನೋಡಿ, ಶಿವಮೊಗ್ಗದ ಒಬ್ಬ ಮೇಡಂರನ್ನು ಗೊತ್ತು ಮಾಡಿದೆ. ನೋಡಿದ್ದು ಹೊರಗಿನ ಅಂದವನ್ನಲ್ಲ. ಮನೆಯವರನ್ನು ಮಾತಾಡಿಸಿದೆ. ‘ಮಳೆಗಾಲದಲ್ಲಿ ಹೇಗೆ? ಫೋನ್ ಮಾಡಿದರೆ ಎತ್ತುತ್ತಾರಾ? ಹೇಳಿದ ಖರ್ಚಿಗೂ ಆದ ಖರ್ಚಿಗೂ ಎಷ್ಟು ಅಂತರ?’ ಇಷ್ಟೇ ಕೇಳಿದ್ದು. ಮೇಡಂ ಫೋನಿನಲ್ಲಿ ಹೇಳಿದರು: ‘ನಾನು ಬರೋದು ಇನ್ನೊಂದು ತಿಂಗಳಿಗೆ. ಅಷ್ಟರಲ್ಲಿ ನೀವು ತಯಾರಾಗಿ.’

ತಯಾರಿ! ನಾಯಕ ನಟನಿಗೆ ರಿಹರ್ಸಲ್ ಕೇಳಿದ್ದೇನೆ. ಮನೆ ಮಾಲೀಕನಿಗೂ ರಿಹರ್ಸಲ್ ಎಂದು ಅಂದೇ ಕೇಳಿದ್ದು.

ಅವ್ವನ ಪಟ್ಟಿ

ನಾನು ಇನ್ನೂರು ಪುಟದ ನೋಟ್‌ಬುಕ್ ತಂದೆ. ಬೇಕುಗಳನ್ನು ಬರೆಯುತ್ತ ಹೋದೆ. ಬರೆಯುವ ಮೇಜು, ಪುಸ್ತಕಕ್ಕೆ ಗೋಡೆಯ ಉದ್ದಕ್ಕೂ ಕಪಾಟು, ಜಗಲಿಗೆ ಹಳೇ ಕಾಲದ ಕಂಬ, ನಡುಮನೆಯಲ್ಲಿ ತೂಗುಯ್ಯಾಲೆ... ನಲವತ್ತು ಪುಟ ತುಂಬಿತು. ಅಣ್ಣನಿಗೆ ಫೋನ್ ಮಾಡಿದರೆ ಅವನದು ಹನ್ನೊಂದು ಬೇಕು. ಶಿಕಾರಿಪುರಕ್ಕೆ ಕೊಟ್ಟ ಅಕ್ಕನದು ನಾಲ್ಕು. ಕೊನೆಗೆ ಗೆಳೆಯನ ಮಾತು ನೆನಪಾಗಿ ಅವ್ವನ ಹತ್ತಿರ ಕೂತೆ.

‘ನನಗೇನ್ ಬೇಕೋ ತಮ್ಮಾ, ನೀವು ಚೆನ್ನಾಗಿದ್ರ ಸಾಕು’ ಎಂದಳು. ಎಲ್ಲ ಅವ್ವಂದಿರ ಡೈಲಾಗ್ ಅದೇ. ನಾನು ಬಿಡಲಿಲ್ಲ. ಕೇಳಿದರೆ ಹೇಳುವವಳಲ್ಲವಾದ್ದರಿಂದ ಮೂರು ದಿನ ಸುಮ್ಮನೆ ನೋಡಿದೆ. ಗಡಿಯಾರ ಹಿಡಿದು ಬರೆದುಕೊಂಡೆ.

ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾಳೆ. ಬಚ್ಚಲಿಗೆ ಇಳಿಯುವ ಮೆಟ್ಟಿಲು ಎತ್ತರ. ಪ್ರತಿ ಸಲ ಎಡಗೈ ಗೋಡೆಗೆ ಊರುತ್ತಾಳೆ. ಗೋಡೆಯ ಆ ಜಾಗ ಎಣ್ಣೆ ಸವರಿದಂತೆ ಕಪ್ಪಾಗಿದೆ. ಒಲೆಯ ಮುಂದೆ ದಿನಕ್ಕೆ ಮೂರೂವರೆ ಗಂಟೆ. ಕೆಮ್ಮು ಶುರುವಾಗುವುದು ಎರಡನೇ ರೊಟ್ಟಿಗೆ. ಗ್ಯಾಸಿದೆ, ಆದರೆ ರೊಟ್ಟಿಗೂ ನೀರು ಕಾಯಿಸಲಿಕ್ಕೂ ಸೌದೆಯೇ. ನೀರಿನ ಕೊಡ ಹಿಡಿದು ಅಡುಗೆಮನೆಯಿಂದ ಕೊಟ್ಟಿಗೆಗೆ ಹೋಗುವಾಗ ನಡುಮನೆ ಸುತ್ತಿ ಮೂರು ಹೊಸಿಲು ದಾಟುತ್ತಾಳೆ. ರೊಟ್ಟಿ ಬಡಿಯುತ್ತ ಬಡಿಯುತ್ತ ಆಗಾಗ ಎದ್ದು ಬಾಗಿಲಿಗೆ ಬಂದು ಬೀದಿ ನೋಡಿ ಹೋಗುತ್ತಾಳೆ.

‘ಏನು ನೋಡ್ತಿ?’ ಎಂದೆ.

‘ಯಾರರ ಬಂದ್ರೇನೋ ಅಂತ. ನಿಮ್ಮಪ್ಪ ಇದ್ದಾಗಿಂದ ರೂಢಿ.’

ಆ ಮೇಲೆ ಪಟ್ಟಿ ತಾನಾಗಿಯೇ ಬಂತು. ಒಂದು, ಹೊಗೆ ಹೋಗಬೇಕು. ಎರಡು, ಬಚ್ಚಲ ಮೆಟ್ಟಿಲು ತಗ್ಗಬೇಕು, ಹಿಡಿಯಲು ಏನಾದರೂ ಇರಬೇಕು. ಮೂರು, ಒಲೆಯ ಮುಂದೆ ಕೂತೇ ಬೀದಿ ಕಾಣಬೇಕು. ನನ್ನ ನಲವತ್ತು ಪುಟದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಉಯ್ಯಾಲೆ ಇತ್ತು.

ಟೇಪು ಹಿಡಿದು

ಮುಂದೆ ಅಳತೆ. ನಾನೂ ಪಕ್ಕದ ಮನೆಯ ಹುಡುಗನೂ ಟೇಪು ಹಿಡಿದೆವು. ಮೇಡಂ ಹೇಳಿಕೊಟ್ಟಿದ್ದರು: ನಾಲ್ಕು ಗೋಡೆ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಬೇಕು. ಎರಡು ಕರ್ಣ ಸಮ ಬರದಿದ್ದರೆ ಕೋಣೆ ಚೌಕವಿಲ್ಲ ಎಂದರ್ಥ. ನಮ್ಮ ನಡುಮನೆಯಲ್ಲಿ ಏಳು ಅಂಗುಲ ವ್ಯತ್ಯಾಸ! ಇಷ್ಟು ವರ್ಷ ಸೊಟ್ಟ ಮನೆಯಲ್ಲಿ ನೆಟ್ಟಗೆ ಬದುಕಿದ್ದೇವೆ ಎಂದು ನಗು ಬಂತು. ಗೋಡೆಯ ದಪ್ಪ, ಕಿಟಕಿ ನೆಲದಿಂದ ಎಷ್ಟು ಎತ್ತರ, ತೊಲೆ ಎಲ್ಲಿ ಕೂತಿದೆ, ಜಂತಿಗಳು ಎಷ್ಟು, ಯಾವುದಕ್ಕೆ ಗೆದ್ದಲು, ಮಳೆ ಬಂದಾಗ ಎಲ್ಲೆಲ್ಲಿ ಪಾತ್ರೆ ಇಡುತ್ತೇವೆ, ಎಲ್ಲ ಬರೆದೆ. ಪ್ರತಿ ಕೋಣೆಯ ನಾಲ್ಕು ಮೂಲೆಯ ಫೋಟೋ ತೆಗೆದೆ. ಅಂದವಾಗಿ ಕಾಣಲೆಂದು ಏನನ್ನೂ ಸರಿಸಲಿಲ್ಲ. ಬಿರುಕನ್ನು ಬಿರುಕಾಗಿಯೇ ತೆಗೆದೆ.

ಕಾಗದಪತ್ರದ ಪ್ರಸಂಗ ಬೇರೆ. ಮನೆಯ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ವಂಶವೃಕ್ಷ ಮಾಡಿಸಿ, ಅಣ್ಣ ಅಕ್ಕ ಇಬ್ಬರ ಒಪ್ಪಿಗೆ ತಂದು, ಪಂಚಾಯಿತಿಗೆ ಅಲೆದು ಎರಡು ಜೊತೆ ಚಪ್ಪಲಿ ಸವೆಯಿತು. 1992ಕ್ಕಿಂತ ಮೊದಲೇ ಮನೆ ಇತ್ತು ಎಂಬುದಕ್ಕೆ ಪುರಾವೆ ಬೇಕಲ್ಲ? ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಸಿಕ್ಕಿತು. ಅಜ್ಜ ಕಟ್ಟಿದ ಮನೆ ಕಂದಾಯದ ರಸೀದಿಗಳು, ದಬ್ಬಣದಲ್ಲಿ ಪೋಣಿಸಿ ದಾರ ಕಟ್ಟಿದ್ದವು. ಪಿಯುಸಿ ಓದದ ಅಜ್ಜ ಒಂದು ಚೀಟಿಯನ್ನೂ ಬಿಸಾಡಿರಲಿಲ್ಲ.

ನಡುವೆ ನನ್ನ ಕಳ್ಳಬುದ್ಧಿ ಒಮ್ಮೆ ಹೆಡೆ ಎತ್ತಿತು. ಹಿಂದೆ ಬಚ್ಚಲ ಕೆಲಸ ಮಾಡಿಸಿದಾಗ ಅಪ್ಪಣೆ ಕೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ‘ಅದನ್ನು ಬರೆಯದೆ ಬಿಟ್ಟುಬಿಡೋಣವೇ ಮೇಡಂ?’ ಎಂದೆ. ‘ಡಾಕ್ಟರ ಹತ್ತಿರ ಹೋಗಿ ನೋವಿಲ್ಲದ ಕಾಲು ತೋರಿಸ್ತೀರಾ? ಇದ್ದದ್ದು ಇದ್ದ ಹಾಗೆ ಬರೀರಿ’ ಎಂದರು. ಬರೆದೆ.

ದುಡ್ಡಿನ ಮಾತು

ಸಿನಿಮಾ ನಿರ್ಮಾಪಕರು ಬಜೆಟ್ ಹೇಳುವಾಗ ಹೆಚ್ಚಿಗೆ ಹೇಳುತ್ತಾರೆ. ಮನೆ ಮಾಡಿಸುವವರು ಕಡಿಮೆ ಹೇಳುತ್ತಾರೆ. ನಿಜ ಹೇಳಿದರೆ ಪೂರ್ತಿ ಖರ್ಚು ಮಾಡಿಸಿಬಿಟ್ಟಾರು ಎಂಬ ಭಯ. ನಾನೂ ಐದು ಲಕ್ಷ ಎನ್ನೋಣ ಎಂದುಕೊಂಡಿದ್ದೆ. ಅಣ್ಣನದು, ನನ್ನದು, ಸಂಘದ ಸಾಲ ಸೇರಿ ಇದ್ದದ್ದು ಎಂಟು. ಗೆಳೆಯ ಬೈದ. ‘ಸುಳ್ಳು ಬಜೆಟ್ಟಿಗೆ ಸುಳ್ಳು ಸೆಟ್ಟೇ ಸಿಗೋದು.’ ಎಂಟೂ ಹೇಳಿದೆ. ಜೊತೆಗೆ, ಅದರಲ್ಲಿ ಒಂದು ಲಕ್ಷದ ಇಪ್ಪತ್ತು ಸಾವಿರ ಮುಟ್ಟುವ ಹಾಗಿಲ್ಲ ಎಂದೂ ಹೇಳಿದೆ. ಹಳೇ ಮನೆಯ ಹೆಂಚು ಇಳಿಸುವ ತನಕ ಒಳಗೆ ಏನಿದೆ ಯಾರಿಗೆ ಗೊತ್ತು?

ಮೇಡಂ ಫೀಸನ್ನೂ ಬಾಯಿಮಾತಿಗೆ ಬಿಡಲಿಲ್ಲ. ಒಟ್ಟು ಎಷ್ಟು, ಯಾವ ಹಂತಕ್ಕೆ ಎಷ್ಟು, ನಕ್ಷೆ ಎಷ್ಟು ಸಲ ಬದಲಿಸಿ ಕೊಡುತ್ತಾರೆ, ಕೆಲಸ ನಡೆವಾಗ ಎಷ್ಟು ಸಲ ಬಳ್ಳಿಗಾವಿಗೆ ಬರುತ್ತಾರೆ, ಅರ್ಜಿಯ ಕಾಗದ ಯಾರ ಜವಾಬ್ದಾರಿ, ಎಲ್ಲ ಎರಡು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು ಎಂದರು. ಮೊದಲು ನನಗೆ ಇರುಸುಮುರುಸಾಯಿತು. ಆಮೇಲೆ ಅನ್ನಿಸಿತು, ಬಚ್ಚಲ ಗೋಡೆಗೆ ಮೊದಲು ಇಂಥ ಎರಡು ಪುಟ ಇದ್ದಿದ್ದರೆ?

ದಾಸೋಜನ ಸಹಿ

ಸಹಿ ಎಂದಾಗ ನೆನಪಾಯಿತು. ಬೇಲೂರಿನ ಚೆನ್ನಕೇಶವನ ಗುಡಿ 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು. ಅಲ್ಲಿಯ ಮದನಿಕೆಯರನ್ನು ನೋಡದ ಕನ್ನಡಿಗ ಉಂಟೇ? ಆ ಶಿಲ್ಪಗಳಲ್ಲಿ ಕೆಲವಕ್ಕೆ ಹೆಸರು ಕೆತ್ತಿದ್ದಾರೆ: ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ನಮ್ಮೂರಿನವರು ಸ್ವಾಮಿ! ಕೆಲಸ ಹುಡುಕಿಕೊಂಡು ಅಷ್ಟು ದೂರ ಹೋದರು, ಮಾಡಿದ್ದರ ಕೆಳಗೆ ಊರಿನ ಹೆಸರು ಸಮೇತ ಸಹಿ ಹಾಕಿ ಬಂದರು. ಇದು ನನ್ನ ಕೆಲಸ, ಹೆಚ್ಚುಕಡಿಮೆಯಾದರೆ ನನ್ನನ್ನು ಕೇಳಿ ಎಂದ ಹಾಗೆ. ನನ್ನ ಬಚ್ಚಲ ಗೋಡೆಗೆ ಸಹಿ ಹಾಕಿದವರು ಯಾರೂ ಇರಲಿಲ್ಲ. ಬಿದ್ದಾಗ ಕೇಳಲು ಅದಕ್ಕೇ ಯಾರೂ ಸಿಗಲಿಲ್ಲ.

ಮೇಡಂ ಬಂದ ದಿನ

ಕೊನೆಗೂ ಬಂದರು. ಅಣ್ಣನೂ ರಜಾ ಹಾಕಿ ಬಂದಿದ್ದ, ಪರೀಕ್ಷಕನ ಮುಖ ಹೊತ್ತು. ನಾನು ನೋಟ್‌ಬುಕ್ಕು, ಅಳತೆಯ ಹಾಳೆ, ಫೋಟೋ, ರಸೀದಿಯ ಕಟ್ಟು ಎಲ್ಲ ಜಗಲಿಯ ಮೇಲೆ ಜೋಡಿಸಿದ್ದೆ. ಮೇಡಂ ಒಂದು ಗಂಟೆ ಓದಿದರು. ಮೂರು ಕಡೆ ತಾವೇ ಅಳೆದು ನೋಡಿದರು. ಒಂದು ಕಡೆ ನನ್ನದು ತಪ್ಪಿತ್ತು, ತಿದ್ದಿದರು. ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಅವ್ವನ ಮಣೆಯ ಮೇಲೆ ಕೂತರು. ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಹತ್ತು ನಿಮಿಷ ಕೂತೇ ಇದ್ದರು.

‘ಈ ಗೋಡೆ ಭಾರ ಹೊರುತ್ತೆ, ಮುಟ್ಟೋದು ಬೇಡ. ಅಲ್ಲಿ ಗೂಡಿದೆಯಲ್ಲ, ಅದರ ಹಿಂದೆ ತೆಳುವಿದೆ. ಕಿಟಕಿ ಅಲ್ಲಿ ಬರಬಹುದು. ಬೀದಿ ಕಾಣುತ್ತೆ’ ಎಂದರು. ಹೊಗೆಗೆ ಚಿಮಣಿ, ಮೇಲೆ ಎರಡು ಗಾಜಿನ ಹೆಂಚು. ಸಿಮೆಂಟು ಕೆತ್ತಿ ತೆಗೆದು ಸುಣ್ಣದ ಗಾರೆ. ಬಚ್ಚಲ ಮೆಟ್ಟಿಲು ಎರಡಾಗಿ ಒಡೆಯುವುದು, ಪಕ್ಕದಲ್ಲಿ ಹಿಡಿಗೂಟ. ಇವಿಷ್ಟಕ್ಕೆ ಅಪ್ಪಣೆ ಕೇಳೋಣ, ಮಾಡು ಅದೇ ಎತ್ತರದಲ್ಲಿ, ಮನೆ ಅದೇ ಅಳತೆಯಲ್ಲಿ ಇರಲಿ ಎಂದರು. ನನ್ನ ಉಯ್ಯಾಲೆಯ ಹತ್ತಿರ ಬಂದಾಗ ತೊಲೆಯನ್ನು ಒಮ್ಮೆ ತಟ್ಟಿ ತಲೆ ಅಲ್ಲಾಡಿಸಿದರು. ಗೆದ್ದಲು. ಉಯ್ಯಾಲೆ ಅಲ್ಲಿಗೆ ಕಟ್!

ಅಣ್ಣ ಏನೂ ಮಾತಾಡಿರಲಿಲ್ಲ. ಹೊರಡುವ ಮುಂಚೆ ಅಳತೆಯ ಹಾಳೆ ಎತ್ತಿ ನೋಡಿದ. ‘ಇದನ್ನೆಲ್ಲ ನೀನೇ ಬರ್ದಿದ್ದಾ?’ ಎಂದ. ಹೌದು ಎಂದೆ. ‘ಮಾಳಿಗೆ ಇಲ್ದಿದ್ರೆ ಇಲ್ಲ ಬಿಡು. ಗೇಟಾದ್ರೂ ಹಾಕ್ಸು’ ಎಂದ. ಗೇಟಿಗೂ ಅಪ್ಪಣೆ ಬೇಕಾಗಬಹುದು ಎಂದು ನಾನು ಆಗ ಹೇಳಲಿಲ್ಲ. ಒಂದು ದಿನಕ್ಕೆ ಅಷ್ಟು ಸಾಕು.

ಅರ್ಜಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಬರುವ ತನಕ ಒಂದು ಹೆಂಚನ್ನೂ ಇಳಿಸುವುದಿಲ್ಲ. ತಗಡಿನ ಷೀಟು ಹಾಗೇ ಇದೆ. ಮಳೆ ಹೊಡೆದಾಗ ಅದರ ಮೇಲೆ ತಮಟೆ ಬಾರಿಸಿದ ಹಾಗೆ ಸದ್ದು. ಅವ್ವನನ್ನು ಮಾತ್ರ ಆ ಕಡೆ ಕೂರಲು ಬಿಡುತ್ತಿಲ್ಲ. ಹೊಸ ಹಂಡೆಯನ್ನು ಕೊಟ್ಟಿಗೆಯ ಪಕ್ಕಕ್ಕೆ ಇಟ್ಟಿದ್ದೇನೆ. ಬೆಳಗಿನ ಜಾವ ನಾಲ್ಕಕ್ಕೆ ಈಗ ನಾನೇ ಎದ್ದು ಉರಿ ಹಾಕುತ್ತೇನೆ.

ಮೊನ್ನೆ ಅವ್ವ ಗೋಡೆಯ ಗೂಡಿನ ಮುಂದೆ ನಿಂತು ದೀಪ ತೆಗೆದು ಬದಿಗಿಟ್ಟಿದ್ದಳು. ‘ಯಾಕವ್ವಾ?’ ಎಂದೆ.

‘ಕಿಟಕಿ ಬರ್ತೈತಲ್ಲ, ಜಾಗ ಖಾಲಿ ಮಾಡಿದೆ’ ಎಂದಳು.